ವಸತಿ ಗುರಿಗಳ ವಿರುದ್ಧದ ಮೇಲ್ಮನವಿ ಮತ್ತು ಸಾರ್ವಜನಿಕರ ಅಹವಾಲು (ಕ್ಯಾಲಿಫೋರ್ನಿಯಾ)

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪ್ರತಿ ನಗರವೂ ಕೌಂಟಿಯೂ ಮುಂದಿನ ವರ್ಷಗಳಲ್ಲಿ, ಸಾಮಾನ್ಯವಾಗಿ ಎಂಟು ವರ್ಷಗಳಲ್ಲಿ, ಎಷ್ಟು ಮನೆಗಳಿಗೆ ಜಾಗ ತೋರಿಸಬೇಕು ಎಂಬ ಸಂಖ್ಯೆ ಮೇಲಿನಿಂದ ಇಳಿದು ಬರುತ್ತದೆ. ರಾಜ್ಯದ ವಸತಿ ಇಲಾಖೆ ಒಂದೊಂದು ಪ್ರದೇಶಕ್ಕೆ ಒಟ್ಟು ಸಂಖ್ಯೆಯನ್ನು ಗೊತ್ತುಮಾಡುತ್ತದೆ. ಅಲ್ಲಿನ ಪ್ರಾದೇಶಿಕ ಮಂಡಳಿ ಅದನ್ನು ಸದಸ್ಯ ನಗರಗಳಿಗೆ ಪಾಲು ಹಾಕುತ್ತದೆ. ‘ಪ್ರಾದೇಶಿಕ ವಸತಿ ಅಗತ್ಯ ಹಂಚಿಕೆ’ ಎಂಬ ಅರ್ಥದ ಉದ್ದನೆಯ ಹೆಸರು ಈ ಏರ್ಪಾಟಿಗೆ ಇದ್ದರೂ, ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಅಲ್ಲಿನವರು ‘ರೀನಾ’ ಎಂದಷ್ಟೇ ಕರೆಯುತ್ತಾರೆ. ತನ್ನ ಪಾಲು ಹೆಚ್ಚಾಯಿತು ಎನ್ನುವ ನಗರ ಮೇಲ್ಮನವಿ ಸಲ್ಲಿಸಬಹುದು, ಅದರ ವಿಚಾರಣೆ ಬಹಿರಂಗವಾಗಿ ನಡೆಯಬೇಕು. ಆದರೆ ಆ ವಿಚಾರಣೆಗೆ ಬಂದ ಸಾಮಾನ್ಯ ನಿವಾಸಿಯ ಮಾತು ಯಾವ ಸಂಖ್ಯೆಯನ್ನೂ ಅಲುಗಾಡಿಸಿದ್ದು ಕಡಿಮೆ. ಏಕೆಂದರೆ ಯಾವ ಮಾತಿಗೆ ಬೆಲೆ, ಯಾವುದಕ್ಕೆ ಇಲ್ಲ ಎಂಬುದನ್ನು ಶಾಸನವೇ ಮೊದಲೇ ತೀರ್ಮಾನಿಸಿಬಿಟ್ಟಿದೆ.

ಸ್ಥಳೀಯ ಸಂಸ್ಥೆಗಳು ವಸತಿಗೂ ಯೋಜನೆ ಮಾಡಬೇಕು ಎಂಬ ನಿಯಮ ಅಲ್ಲಿ 1969ರಿಂದ ಇದೆ. ಅಷ್ಟು ಹೊತ್ತಿಗೆ ಪ್ರಾದೇಶಿಕ ಮಂಡಳಿಗಳೂ ಹುಟ್ಟಿಕೊಂಡಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ‘ಎಬ್ಯಾಗ್’ 1961ರಲ್ಲಿ, ದಕ್ಷಿಣದ ಆರು ಕೌಂಟಿಗಳ ‘ಸ್ಕ್ಯಾಗ್’ 1965ರಲ್ಲಿ ಸ್ಥಾಪನೆಯಾದವು. ಊರು ತನ್ನ ವಲಯ ನಿಯಮಗಳ ಬಲದಿಂದ ಬಡವರನ್ನು ಹೊರಗಿಡಬಾರದು, ಪ್ರದೇಶದ ಹೊರೆಯಲ್ಲಿ ನ್ಯಾಯವಾದ ಪಾಲು ಹೊರಬೇಕು ಎಂಬ ವಿಚಾರ ಆಗ ಅಮೆರಿಕದಲ್ಲಿ ಬೇರೂರುತ್ತಿತ್ತು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 1975ರ ಮೌಂಟ್ ಲಾರೆಲ್ ತೀರ್ಪಿನಲ್ಲಿ ಅದನ್ನೇ ಹೇಳಿತ್ತು. ಕ್ಯಾಲಿಫೋರ್ನಿಯಾ ಶಾಸಕಾಂಗ 1980ರಲ್ಲಿ ಈ ಪಾಲು ಹಂಚಿಕೆಯನ್ನು ಕಾನೂನಾಗಿ ಬರೆಯಿತು. ಅದಕ್ಕೆ ಎರಡು ವರ್ಷ ಮುಂಚೆ, 1978ರಲ್ಲಿ, ಅಲ್ಲಿನ ಮತದಾರರು ‘ಪ್ರಾಪೊಸಿಷನ್ 13’ ಮೂಲಕ ಆಸ್ತಿ ತೆರಿಗೆಗೆ ಮಿತಿ ಹಾಕಿದ್ದರು. ಮನೆಗಳಿಂದ ಬರುವ ವರಮಾನ ಕುಗ್ಗಿದ್ದರಿಂದ, ಮಾರಾಟ ತೆರಿಗೆ ತರುವ ಅಂಗಡಿ ಮಳಿಗೆಗಳೇ ನಗರಸಭೆಗಳಿಗೆ ಹೆಚ್ಚು ಪ್ರಿಯವಾದವು. ಮನೆಯ ಪಾಲು ಯಾರಿಗೂ ಬೇಡವಾದ ಪಾಲಾದದ್ದಕ್ಕೆ ಇದೂ ಒಂದು ಕಾರಣ.

ಈ ಸಂಖ್ಯೆ ಮನೆ ಕಟ್ಟಲು ಹೊರಡಿಸಿದ ಆಜ್ಞೆಯಲ್ಲ. ಅಷ್ಟು ಮನೆಗಳು ಏಳಲು ಸಾಧ್ಯವಾಗುವಂತೆ ನಗರ ತನ್ನ ವಲಯ ನಿಯಮಗಳನ್ನು ಸಡಿಲಿಸಬೇಕು, ಬೇರೆ ಬೇರೆ ಆದಾಯ ವರ್ಗಗಳಿಗೂ ನಿವೇಶನ ಗುರುತಿಸಬೇಕು, ಅಷ್ಟೇ. ದಶಕಗಳ ಕಾಲ ಇದನ್ನು ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಈ ಹಂಚಿಕೆಯ ಐದನೆಯ ಸುತ್ತಿನಲ್ಲಿ ಬೆವರ್ಲಿ ಹಿಲ್ಸ್‌ನಂಥ ಸಿರಿವಂತ ನಗರಕ್ಕೆ ಬಂದ ಪಾಲು ಮೂರೇ ಮೂರು ಮನೆ. ಇಂಥ ಪಾಲಿನ ವಿರುದ್ಧ ಮೇಲ್ಮನವಿ ಹಾಕುವವರು ಯಾರು?

ಮೇಲ್ಮನವಿಯ ಇಂದಿನ ರೂಪ 2004ರ ಮತ್ತು 2018ರ ತಿದ್ದುಪಡಿಗಳಿಂದ ಬಂದದ್ದು. ಕರಡು ಹಂಚಿಕೆ ಕೈಸೇರಿದ 45 ದಿನಗಳೊಳಗೆ ನಗರವಾಗಲಿ ರಾಜ್ಯದ ವಸತಿ ಇಲಾಖೆಯಾಗಲಿ ಮೇಲ್ಮನವಿ ಹಾಕಬಹುದು. ಪಕ್ಕದ ಊರಿನ ಪಾಲು ಕಡಿಮೆಯಾಯಿತು ಎಂದೂ ತಕರಾರು ಎತ್ತಬಹುದು. ಕಾರಣಗಳು ಮೂರೇ: ನಗರ ಕೊಟ್ಟ ಮಾಹಿತಿಯನ್ನು ಮಂಡಳಿ ಸರಿಯಾಗಿ ಪರಿಗಣಿಸಲಿಲ್ಲ, ಒಪ್ಪಿದ ಸೂತ್ರವನ್ನು ಸರಿಯಾಗಿ ಅನ್ವಯಿಸಲಿಲ್ಲ, ಇಲ್ಲವೇ ಊಹಿಸದಿದ್ದ ದೊಡ್ಡ ಬದಲಾವಣೆ ಆ ಊರಿನಲ್ಲಿ ಆಗಿದೆ. ಅರ್ಜಿಗಳನ್ನೆಲ್ಲ ಪ್ರಕಟಿಸಿ ಮತ್ತೆ 45 ದಿನ ಅಭಿಪ್ರಾಯಕ್ಕೆ ಬಿಡಬೇಕು, ಆಮೇಲೆ ಬಹಿರಂಗ ವಿಚಾರಣೆ. ಅಭಿಪ್ರಾಯ ಹೇಳಲು ಶಾಸನ ಹೆಸರಿಸಿ ಕರೆಯುವುದು ಇತರ ಸ್ಥಳೀಯ ಸಂಸ್ಥೆಗಳನ್ನು ಮತ್ತು ವಸತಿ ಇಲಾಖೆಯನ್ನು ಮಾತ್ರ. ನಿವಾಸಿಗೆ ಮಾತಾಡುವ ಹಕ್ಕು ಬಂದಿರುವುದು ಬೇರೆ ಬಾಗಿಲಿನಿಂದ: ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿ ನಡೆಯಬೇಕು, ಜನರಿಗೆ ಮಾತಾಡಲು ಬಿಡಬೇಕು ಎನ್ನುವ 1953ರ ಬ್ರೌನ್ ಕಾಯ್ದೆಯಿಂದ. ಮಂಡಳಿಗಳು ಜನರ ಪತ್ರಗಳನ್ನೂ ಸ್ವೀಕರಿಸಿ ಕಡತಕ್ಕೆ ಸೇರಿಸುತ್ತವೆ. ಆದರೆ ಮನೆ ಪರವಾನಗಿಗೆ ಮಿತಿ ಹಾಕುವ ಸ್ಥಳೀಯ ನಿಯಮವನ್ನು, ಅದು ಜನರೇ ಮತ ಹಾಕಿ ತಂದ ನಿಯಮವಾದರೂ, ಪಾಲು ಇಳಿಸಲು ಆಧಾರ ಮಾಡಿಕೊಳ್ಳಬಾರದೆಂದು ಅದೇ ಶಾಸನ ಕಟ್ಟುನಿಟ್ಟಾಗಿ ಹೇಳುತ್ತದೆ. ಹಿಂದಿನ ಸುತ್ತಿನಲ್ಲಿ ಕಡಿಮೆ ಮನೆ ಕಟ್ಟಿದ್ದೂ, ಜನಸಂಖ್ಯೆ ಬೆಳೆಯದೆ ನಿಂತಿರುವುದೂ ನೆಪವಾಗುವಂತಿಲ್ಲ.

ಮಂಡಳಿಯ ತೀರ್ಮಾನವೇ ಕೊನೆಯದು ಎಂಬುದು ಸ್ಥಿರವಾದದ್ದು ಸ್ಕ್ಯಾಗ್ ವ್ಯಾಪ್ತಿಯ ಅರ್ವೈನ್ ನಗರದ ಮೊಕದ್ದಮೆಯಲ್ಲಿ. ನಾಲ್ಕನೆಯ ಸುತ್ತಿನಲ್ಲಿ ಆ ನಗರಕ್ಕೆ 35,660 ಮನೆಗಳ ಪಾಲು ಬಂತು; ಇಡೀ ಆರೆಂಜ್ ಕೌಂಟಿಯ ಪಾಲಿನಲ್ಲಿ ಅದು ಶೇ. 40ನ್ನೂ ಮೀರಿತ್ತು. ಮೇಲ್ಮನವಿ ತಿರಸ್ಕೃತವಾದಾಗ ನಗರ ಕೋರ್ಟಿಗೆ ಹೋಯಿತು. ಹಂಚಿಕೆಯನ್ನು ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕೆ ಇಲ್ಲ, ಶಾಸನ ಕೊಟ್ಟಿರುವ ಮೇಲ್ಮನವಿಯೊಂದೇ ದಾರಿ ಎಂದು 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಹಳೆಯ ಕಾನೂನಿನಲ್ಲಿದ್ದ ನ್ಯಾಯಾಲಯದ ಪರಿಶೀಲನೆಯನ್ನು 2004ರಲ್ಲಿ ಶಾಸಕಾಂಗವೇ ತೆಗೆದುಹಾಕಿದ್ದನ್ನು ಅದು ಗಮನಿಸಿತು. ಅಂದಿನಿಂದ ವಿಚಾರಣೆಯ ಕೋಣೆಗೆ ಮಹತ್ವ ಬಂತು, ಅಲ್ಲಿ ಸೋತವರಿಗೆ ಮುಂದೆ ಹೋಗಲು ಜಾಗವಿಲ್ಲದಾಯಿತು.

ಆರನೆಯ ಸುತ್ತು ಬಂದಾಗ ಪ್ರಕರಣಗಳ ಮಹಾಪೂರ. ಬಾಡಿಗೆ ಏರುತ್ತ, ಬೀದಿಯಲ್ಲಿ ಮಲಗುವವರ ಸಂಖ್ಯೆ ಬೆಳೆಯುತ್ತ ಬಂದ ಹೊತ್ತದು. ಗ್ಯಾವಿನ್ ನ್ಯೂಸಮ್ 2025ರೊಳಗೆ 35 ಲಕ್ಷ ಮನೆ ಎಂಬ ಭರವಸೆಯೊಂದಿಗೆ ಗವರ್ನರ್ ಆಗಿದ್ದರು. ಮನೆಗಳಲ್ಲಿ ಈಗಾಗಲೇ ಕಿಕ್ಕಿರಿದು ಬಾಳುತ್ತಿರುವವರ ಅಗತ್ಯವನ್ನೂ ಲೆಕ್ಕಕ್ಕೆ ಹಿಡಿಯುವಂತೆ 2018ರಲ್ಲಿ ಕಾನೂನು ಬದಲಾಗಿತ್ತು. ಹಿಂದಿನ ಸುತ್ತಿನಲ್ಲಿ ಸುಮಾರು 4.12 ಲಕ್ಷವಿದ್ದ ಸ್ಕ್ಯಾಗ್ ಪ್ರದೇಶದ ಗುರಿ 2019ರ ಅಕ್ಟೋಬರಿನಲ್ಲಿ 13,41,827ಕ್ಕೆ ಏರಿತು. ಮಂಡಳಿಯ ಸ್ವಂತ ಅಂದಾಜು ಅದರ ಮೂರನೆಯ ಒಂದು ಪಾಲಿನಷ್ಟಿತ್ತು. ಆಕ್ಷೇಪಿಸಿಯೂ ಹೆಚ್ಚೇನೂ ಇಳಿಯಲಿಲ್ಲ. ಬೆವರ್ಲಿ ಹಿಲ್ಸ್‌ನ ಮೂರು ಮನೆ 3,104 ಆಯಿತು. ಹಂಟಿಂಗ್‌ಟನ್ ಬೀಚ್‌ನ 1,353 ಮನೆ 13,368ಕ್ಕೆ ಜಿಗಿಯಿತು.

ಸ್ಕ್ಯಾಗ್‌ನ 197 ಸ್ಥಳೀಯ ಸಂಸ್ಥೆಗಳಲ್ಲಿ 49 ಸಂಸ್ಥೆಗಳು 2020ರ ಅಕ್ಟೋಬರಿನೊಳಗೆ ಒಟ್ಟು 52 ಮೇಲ್ಮನವಿ ಹಾಕಿದವು. ಆರೆಂಜ್ ಕೌಂಟಿಯ ಕೆಲವು ನಗರಗಳು ತಮ್ಮದರ ಜೊತೆಗೆ ಸಾಂಟಾ ಆನಾ ನಗರದ ಪಾಲು ತೀರ ಕಡಿಮೆ ಎಂದೂ ದೂರಿದವು. ವಿಚಾರಣೆ 2021ರ ಜನವರಿಯಲ್ಲಿ, ಕೋವಿಡ್ ಕಾರಣಕ್ಕೆ ಆನ್‌ಲೈನಿನಲ್ಲಿ ನಡೆಯಿತು. ತೀರ್ಪು ಕೊಡಲು ಕುಳಿತವರು ನ್ಯಾಯಾಧೀಶರಲ್ಲ, ಅದೇ ಪ್ರದೇಶದ ಚುನಾಯಿತ ಜನಪ್ರತಿನಿಧಿಗಳು. ಅವರ ಕೈಯನ್ನು ಕಟ್ಟಿದ್ದು ಗಣಿತ. ಪ್ರದೇಶದ ಒಟ್ಟು ಸಂಖ್ಯೆ ಒಂದಿಷ್ಟೂ ಇಳಿಯುವಂತಿಲ್ಲ. ಒಂದು ಎಲೆಯಿಂದ ತೆಗೆದದ್ದನ್ನು ಪಂಕ್ತಿಯ ಉಳಿದ ಎಲೆಗಳಿಗೆ ಬಡಿಸಲೇಬೇಕು.

ಜನ ಹೇಳಿದ್ದೇನು? ರಸ್ತೆಯಲ್ಲಿ ವಾಹನ ಹೆಚ್ಚಾಗುತ್ತದೆ, ಶಾಲೆ ತುಂಬಿದೆ, ನೀರಿಲ್ಲ, ಒಂಟಿ ಮನೆಗಳ ಬಡಾವಣೆಯ ಸ್ವರೂಪ ಕೆಡುತ್ತದೆ ಎಂಬವು ಹಳೆಯ ಮಾತುಗಳು. ಎಂಬಾರ್ಕಡೆರೊ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 2020ರಲ್ಲಿ ಹೊರತಂದ ವರದಿಯನ್ನು ಹಿಡಿದು, ರಾಜ್ಯ ಒಂದೇ ಅಗತ್ಯವನ್ನು ಎರಡು ಸಲ ಎಣಿಸಿದೆ ಎಂದವರೂ ಇದ್ದರು. ಇನ್ನೊಂದು ಬದಿಯಿಂದ ‘ಯಿಂಬಿ’ ಎಂದು ಕರೆದುಕೊಳ್ಳುವ, ತಮ್ಮೂರಿನಲ್ಲೇ ಮನೆ ಕಟ್ಟಿ ಎನ್ನುವ ಚಳವಳಿಯವರೂ ವಸತಿ ಹಕ್ಕಿನ ಸಂಘಟನೆಗಳೂ ಒಂದು ಮೇಲ್ಮನವಿಯನ್ನೂ ಒಪ್ಪಬೇಡಿ ಎಂದರು. ಜನರ ಮಾತೆಂದರೆ ವಿರೋಧದ ಮಾತು ಎಂಬ ಹಳೆಯ ರೂಢಿಯನ್ನು ಅವರು ಮುರಿದರು. ಇಷ್ಟಾದರೂ ಎರಡೂ ಪಕ್ಷದವರ ಹೆಚ್ಚಿನ ಮಾತು ಮೂರು ಕಾರಣಗಳ ಚೌಕಟ್ಟಿನ ಹೊರಗೇ ಬಿತ್ತು. ಒಟ್ಟು ಸಂಖ್ಯೆ ತಪ್ಪು ಎನ್ನುವುದನ್ನು ಈ ಹಂತದಲ್ಲಿ ಕೇಳುವಂತೆಯೇ ಇಲ್ಲ. ಕೋವಿಡ್ ಒಂದು ಅನಿರೀಕ್ಷಿತ ಬದಲಾವಣೆ ಎಂದದ್ದಕ್ಕೆ, ಅದು ಎಲ್ಲ ಊರಿಗೂ ಬಂದದ್ದು, ನಿಮ್ಮೊಬ್ಬರ ಪಾಲು ಇಳಿಸಲು ಆಧಾರವಲ್ಲ ಎಂಬ ಉತ್ತರ ಬಂತು.

ಗೆದ್ದವರು ಇಬ್ಬರೇ, ಅದೂ ಭಾಗಶಃ. ರಿವರ್‌ಸೈಡ್ ಕೌಂಟಿಗೆ 215 ಮನೆ ಇಳಿಯಿತು. ಲಾಸ್ ಏಂಜಲೀಸ್ ಬಳಿಯ ಪಿಕೊ ರಿವೆರಾ ಪಟ್ಟಣಕ್ಕೆ 3,939ರಲ್ಲಿ 2,917 ಇಳಿಯಿತು. ಆ ಪಟ್ಟಣದ ಮೇಲ್ಗಡೆ ಇರುವ ವಿಟಿಯರ್ ನ್ಯಾರೋಸ್ ಅಣೆಕಟ್ಟೆ 1957ರಲ್ಲಿ ಮುಗಿದದ್ದು. ದೊಡ್ಡ ಪ್ರವಾಹ ಬಂದರೆ ಅದು ತಡೆಯಲಾರದು ಎಂದು ಕೇಂದ್ರ ಸರ್ಕಾರದ ಸೇನಾ ಎಂಜಿನಿಯರುಗಳ ದಳವೇ ಎಚ್ಚರಿಸಿತ್ತು. ನೆರೆಯ ಅಪಾಯವಿರುವ ಜಾಗವನ್ನು ಲೆಕ್ಕದಿಂದ ಬಿಡಲು ಶಾಸನದಲ್ಲಿ ಎಡೆಯಿದೆ, ಹಾಗಾಗಿ ಆ ದಾಖಲೆ ಕೆಲಸ ಮಾಡಿತು. ರಾಶಿ ಪತ್ರಗಳಿಂದ ಆಗದ್ದು ಒಂದು ಇಲಾಖೆಯ ಕಾಗದದಿಂದ ಆದದ್ದು ಈ ವ್ಯವಸ್ಥೆಯ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ತೆಗೆದ 3,132 ಮನೆಗಳನ್ನು ಪ್ರದೇಶದ ಎಲ್ಲರಿಗೂ ಹಂಚಿ, 2021ರ ಮಾರ್ಚಿನಲ್ಲಿ ಅಂತಿಮ ಪಟ್ಟಿಯನ್ನು ಅಂಗೀಕರಿಸಲಾಯಿತು.

ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿ ನೆಲೆಸಿರುವ ಸನಿವೇಲ್, ಫ್ರೀಮಾಂಟ್, ಕ್ಯೂಪರ್ಟಿನೊ ನಗರಗಳು ಎಬ್ಯಾಗ್ ವ್ಯಾಪ್ತಿಗೆ ಬರುತ್ತವೆ. ಅಲ್ಲಿನ ಒಟ್ಟು ಗುರಿ 4,41,176. ಅಲ್ಲಿ 28 ಸಂಸ್ಥೆಗಳು ಮೇಲ್ಮನವಿ ಹಾಕಿದವು, ನಿವಾಸಿಗಳಿಂದ ನೂರಾರು ಅಭಿಪ್ರಾಯಗಳು ಬಂದವು. ಮರಿನ್ ಕೌಂಟಿಯ ಗುಡ್ಡದ ಪಟ್ಟಣಗಳವರು ಕಾಳ್ಗಿಚ್ಚಿನ ಭಯವನ್ನು ಮುಂದಿಟ್ಟರು. ಭಯ ಸುಳ್ಳಲ್ಲ. ಆದರೆ ಕೊಲ್ಲಿ ಪ್ರದೇಶದ ಬಹುಭಾಗಕ್ಕೆ ಬೆಂಕಿ, ನೆರೆ, ಭೂಕಂಪಗಳಲ್ಲಿ ಒಂದಲ್ಲ ಒಂದರ ಅಪಾಯ ಇದ್ದೇ ಇದೆ, ಊರಿನೊಳಗೆ ಬೇರೆ ಜಾಗ ಹುಡುಕಿ ಎಂದಿತು ಮಂಡಳಿ. 2021ರ ಶರತ್ಕಾಲದ ವಿಚಾರಣೆಗಳ ಕೊನೆಗೆ 27 ಅರ್ಜಿಗಳು ಬಿದ್ದುಹೋದವು. ಕಾಂಟ್ರಾ ಕೋಸ್ಟಾ ಕೌಂಟಿಯ 35 ಮನೆಗಳಷ್ಟೇ ಪಿಟ್ಸ್‌ಬರ್ಗ್ ನಗರದ ಲೆಕ್ಕಕ್ಕೆ ಹೋದವು.

ಸ್ಯಾನ್ ಡಿಯೆಗೊ ಪ್ರದೇಶದಲ್ಲಿ ಕೊರೊನಾಡೊ ಸೇರಿ ನಾಲ್ಕು ನಗರಗಳು ಇನ್ನೊಂದು ಪ್ರಯತ್ನ ಮಾಡಿದವು. ಹಿಂದಿನ ಸುತ್ತಿನಲ್ಲಿ 50 ಮನೆಯಿದ್ದ ಕೊರೊನಾಡೊ ಪಾಲು 912 ಆಗಿತ್ತು. ದೊಡ್ಡ ನಗರದ ಮತಕ್ಕೆ ಹೆಚ್ಚು ತೂಕ ಕೊಡುವ ಮಂಡಳಿಯಿಂದ ನಿಷ್ಪಕ್ಷಪಾತ ವಿಚಾರಣೆ ಸಿಗಲಿಲ್ಲ ಎಂಬುದು ಅವುಗಳ ವಾದ. 2022ರಲ್ಲಿ ಕೋರ್ಟು ಅರ್ವೈನ್ ತೀರ್ಪನ್ನೇ ಎತ್ತಿಹಿಡಿದು ಕೇಳಲು ನಿರಾಕರಿಸಿತು. ಅದೇ ವರ್ಷದ ಮಾರ್ಚಿನಲ್ಲಿ ರಾಜ್ಯದ ಲೆಕ್ಕಪರಿಶೋಧಕರು ವಸತಿ ಇಲಾಖೆಯ ಎಣಿಕೆಯಲ್ಲಿ ದೋಷಗಳನ್ನು ಪಟ್ಟಿಮಾಡಿದರು. ಸಂಖ್ಯೆ ಉಬ್ಬಿದೆ ಎಂದು ಕೂಗಿದ್ದವರಿಗೆ ಅದರಿಂದ ಪೂರ್ತಿ ಸಮಾಧಾನವಾಗಲಿಲ್ಲ, ಏಕೆಂದರೆ ಕೆಲವು ತಪ್ಪುಗಳು ಅಗತ್ಯವನ್ನು ಕಡಿಮೆ ತೋರಿಸಿದ್ದವು.

ಜನರ ಮಾತು ನಾಟುವ ಹಂತ ಮೇಲ್ಮನವಿಗೆ ಬಹಳ ಮುಂಚೆಯೇ ಬರುತ್ತದೆ. ಪಾಲು ಹಾಕುವ ಸೂತ್ರ ರೂಪಿಸುವಾಗ ಸಾರ್ವಜನಿಕರ ಭಾಗವಹಿಸುವಿಕೆ ಇರಲೇಬೇಕೆಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. 2019ರ ಬೇಸಿಗೆಯಲ್ಲಿ ಸ್ಕ್ಯಾಗ್ ಆ ಸೂತ್ರದ ಬಗ್ಗೆ ವಿಚಾರಣೆಗಳನ್ನು ನಡೆಸಿತು. ನವೆಂಬರ್ 7ರ ಸಭೆಯಲ್ಲಿ ರಿವರ್‌ಸೈಡ್ ನಗರದ ಮೇಯರ್ ರಸ್ಟಿ ಬೇಲಿ ಮಂಡಿಸಿದ ಬದಲಿ ಸೂತ್ರ ಒಪ್ಪಿಗೆ ಪಡೆದಾಗ, ಒಳನಾಡಿನ ಮರುಭೂಮಿ ಅಂಚಿನ ಊರುಗಳ ದೊಡ್ಡ ಪಾಲು ಉದ್ಯೋಗವಿರುವ ಕರಾವಳಿ ನಗರಗಳ ಕಡೆಗೆ ಸರಿಯಿತು. ಮುಂದೆ ಬಂದ 52 ಮೇಲ್ಮನವಿಗಳಲ್ಲಿ ಆರೆಂಜ್ ಕೌಂಟಿಯವು ಬಹಳಷ್ಟು ಇದ್ದದ್ದಕ್ಕೆ ಇದೂ ಒಂದು ಕಾರಣ.