ಶೇರ್ವಾನಿ ಯಾರದು?

ಶೇರ್ವಾನಿ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ನಿಕಾಹ್‌ನ ದೂಲ್ಹಾ ತಾನೆ? ಸಭೆ-ಸಮಾರಂಭಕ್ಕೆ ತೊಟ್ಟು ಬಂದರೆ ‘ಸಾಬರ ಡ್ರೆಸ್’ ಅಂತ ನಗುವವರೂ ಇದ್ದಾರೆ. ದೆಹಲಿಯ ಚರಿತ್ರೆ ಹೇಳುವುದೇ ಬೇರೆ.

19ನೇ ಶತಮಾನದಲ್ಲಿ ನಮ್ಮ ಅಂಗರಖಾ, ಚಪಕನ್‌ಗಳಿಗೆ ಇಂಗ್ಲಿಷರ ಫ್ರಾಕ್ ಕೋಟಿನ ಹೊಲಿಗೆ ಸೇರಿ ಶೇರ್ವಾನಿಯ ರೂಪ ಮೂಡಿತು. ಅಲೀಗಢದ ವಿದ್ಯಾರ್ಥಿಗಳಿಗೆ ಅದು ಗೌರವದ ಉಡುಪಾಯಿತು. ಅದೇ ಅಲೀಗಢದಲ್ಲಿ 1920ರ ಅಕ್ಟೋಬರ್ 29ರಂದು, ಅಸಹಕಾರ ಚಳವಳಿಯ ಕಾವಿನಲ್ಲಿ, ಬ್ರಿಟಿಷ್ ಸರ್ಕಾರದ ನೆರವು ಬೇಡವೆಂದವರು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಕಟ್ಟಿದರು. 1925ರಲ್ಲಿ ಅದು ದೆಹಲಿಯ ಕರೋಲ್ ಬಾಗ್‌ಗೆ ಬಂತು. ಮರುವರ್ಷ ಬರ್ಲಿನ್‌ನಿಂದ ಡಾಕ್ಟರೇಟ್ ಪಡೆದು ಮರಳಿದ ಜಾಕಿರ್ ಹುಸೇನ್ ಸಾಹೇಬರು ಅದರ ಕುಲಪತಿಯಾದರು. ಜರ್ಮನಿಯಲ್ಲಿ ಓದಿ ಬಂದವರು ಸೂಟಿಗೆ ಅಂಟಿಕೊಳ್ಳಲಿಲ್ಲ; ಖಾದಿಯ ಶೇರ್ವಾನಿ ತೊಟ್ಟರು. ಹೊಲಿಗೆ ಹಳೆಯದೇ, ಬಟ್ಟೆ ಮಾತ್ರ ಸ್ವದೇಶಿ. ಅದರಲ್ಲೇ ಎಲ್ಲಾ ಹೇಳಿದಂತಾಯ್ತು!

ಶೇರ್ವಾನಿಯ ಅದಬ್ ಸರಳ: ಕತ್ತಿನ ಕೊಕ್ಕೆಯವರೆಗೆ ಗುಂಡಿ ಹಾಕಿರಬೇಕು. ಟೈ ಬೇಕಿಲ್ಲ. ಕೆಳಗೆ ಚೂಡಿದಾರವೋ ಪೈಜಾಮವೋ ಸಾಕು.

ಮೌಲಾನಾ ಆಜಾದರು ಶೇರ್ವಾನಿ ತೊಟ್ಟರೆ, ಕಾಶ್ಮೀರಿ ಪಂಡಿತ ಮನೆತನದ ನೆಹರೂ ಅದರ ಹತ್ತಿರದ ಬಂಧು ಅಚ್ಕನ್ ತೊಟ್ಟು ದೇಶವನ್ನು ಪ್ರತಿನಿಧಿಸಿದರು. ಆಗ ಯಾರೂ ಅವರ ಧರ್ಮ ಕೇಳಲಿಲ್ಲ. 1967ರ ಮೇ 13ರಂದು ಜಾಕಿರ್ ಸಾಹೇಬರು ರಾಷ್ಟ್ರಪತಿಯಾದಾಗ ಶೇರ್ವಾನಿಯೂ ಅವರೊಂದಿಗೆ ರಾಷ್ಟ್ರಪತಿ ಭವನಕ್ಕೆ ಹೋಯಿತು.

ಮುಂದಿನ ಸಲ ನಿಮ್ಮ ಮಗ ಶೇರ್ವಾನಿ ತೊಡೋಕೆ ಹಿಂಜರಿದರೆ, ಬೈಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿ. ಕೊನೆಯ ಗುಂಡಿ ಅವನೇ ಹಾಕ್ಕೊಳ್ತಾನೆ.