ಗೆಲುವು

ಜ್ವರ ಬಿಟ್ಟ ಮಗು ಎದ್ದು ಕೂತು ಗಂಜಿ ಕೇಳಿದರೆ ‘ಈಗ ಗೆಲುವಾಗಿದೆ’ ಎನ್ನುತ್ತೇವೆ. ಬಾಡಿದ ಗಿಡ ನೀರು ಕಂಡು ಎಲೆ ಎತ್ತಿದರೂ ಅದೇ ಮಾತು. ರಣರಂಗದಲ್ಲಿ ವೈರಿಯನ್ನು ಕೆಡವಿದ್ದಕ್ಕೂ ಗೆಲುವೆಂದೇ ಹೆಸರು. ಈ ಎರಡು ಬಗೆಯ ಗೆಲುವೂ ಒಬ್ಬನಲ್ಲಿ ಕೂಡಿ ಬರುವುದು ಎಷ್ಟು ಅಪರೂಪವೆಂದು ಸೈನಿಕನಷ್ಟು ಬಲ್ಲವರಿಲ್ಲ.

ಕೋರ್ಟಿನ ವ್ಯಾಜ್ಯ ಕಂಡ ಹಿರಿಯರು ‘ಗೆದ್ದವನು ಸೋತ, ಸೋತವನು ಸತ್ತ’ ಎನ್ನುತ್ತಿದ್ದರು. ಕುರುಕ್ಷೇತ್ರಕ್ಕೂ ಅದು ಸಲ್ಲುತ್ತದೆ. ಹದಿನೆಂಟು ದಿನ ಕಾದಾಡಿ ಧರ್ಮರಾಯ ಗೆದ್ದ, ಗೆಲುವಾಗಲಿಲ್ಲ. ಕರ್ಣ ತನ್ನ ಅಣ್ಣನೆಂಬುದು ಎಲ್ಲ ಮುಗಿದ ಮೇಲೆ ತಿಳಿದು, ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆಂದು ಹಟ ಹಿಡಿದ. ಅವನನ್ನು ಸಂತೈಸಲು ಮಹಾಭಾರತದ ಅತಿ ದೊಡ್ಡ ಪರ್ವವೇ ಬೇಕಾಯಿತು. ಅದು ಶಾಂತಿಪರ್ವ. ನಮ್ಮ ಕುಮಾರವ್ಯಾಸ ತನ್ನ ಕನ್ನಡ ಭಾರತವನ್ನು ಗದಾಪರ್ವಕ್ಕೇ ನಿಲ್ಲಿಸಿದ. ಶಾಂತಿಯ ಭಾಗವನ್ನು ಕನ್ನಡಕ್ಕೆ ತರಲು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರಬೇಕಾಯಿತು.

ಪಂಪ ಯುದ್ಧವನ್ನು ಬರಿ ಓದಿ ತಿಳಿದವನಲ್ಲ, ತನ್ನ ದೊರೆ ಅರಿಕೇಸರಿಯ ಪರವಾಗಿ ಕತ್ತಿ ಹಿಡಿದವನು. 941ರ ಅವನ ಆದಿಪುರಾಣದಲ್ಲಿ ಅಣ್ಣ ಭರತ, ತಮ್ಮ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಅಡ್ಡ ಬರುತ್ತಾರೆ: ಇಷ್ಟು ಜನ ಯಾಕೆ ಸಾಯಬೇಕು, ನೀವಿಬ್ಬರೇ ಸೆಣಸಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಮೇಲಾಗುತ್ತಾನೆ. ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ಅವಮಾನಗೊಂಡ ಭರತ ಚಕ್ರ ಬಿಟ್ಟರೆ ಅದೂ ಅವನನ್ನು ಕೊಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಬಾಹುಬಲಿಗೆ ರಾಜ್ಯವೇ ಹೇಸಿಗೆಯಾಗಿದೆ.

ಆ ಬಾಹುಬಲಿಯನ್ನು ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದವನೂ ದಂಡನಾಯಕನೇ. ಗಂಗರ ಚಾವುಂಡರಾಯನಿಗೆ ಒಂದೊಂದು ಕಾಳಗಕ್ಕೆ ಒಂದೊಂದು ಬಿರುದು: ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ, ವೈರಿಕುಲಕಾಲದಂಡ. ತಾಯಿ ಕಾಳಲಾದೇವಿಯ ಆಸೆಗಾಗಿ ಮೂರ್ತಿ ಮಾಡಿಸಿದನೆಂದು ಸ್ಥಳದ ಕಥೆ. ಇರಬಹುದು. ಆದರೆ ಇಷ್ಟು ಬಿರುದು ಹೊತ್ತವನು ಸುಮಾರು 58 ಅಡಿ ಎತ್ತರಕ್ಕೆ ಕಡೆಸಿದ್ದು, ಕೈಯಲ್ಲಿ ಆಯುಧವಿಲ್ಲದ, ಗೆದ್ದದ್ದನ್ನು ಬಿಟ್ಟುಕೊಟ್ಟ ವೀರನನ್ನು. ಅದರಲ್ಲಿ ನನಗೆ ಒಬ್ಬ ಸೈನಿಕನ ಹಂಬಲವೇ ಕಾಣುತ್ತದೆ.

ಇದು ಹಳೆಯ ಕಥೆಗಳ ಮಾತಷ್ಟೇ ಅಲ್ಲ. ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ, 1990ರ ದಶಕದಲ್ಲಿ ‘ನೈತಿಕ ಗಾಯ’ದ ಬಗ್ಗೆ ಬರೆದರು. ಸರಿಯೆಂದು ನಂಬಿದ್ದಕ್ಕೆ, ಮೇಲಿನವರಿಂದಲೇ ದ್ರೋಹವಾದಾಗ ಆಗುವ ಗಾಯ ಅದು. ಪದಕ ಹಾಕಿದರೆ ಅದು ಮಾಯುವುದಿಲ್ಲ.

ರಜೆಗೆ ಬಂದ ಸೈನಿಕನನ್ನು ‘ಎಷ್ಟು ಜನರನ್ನು ಹೊಡೆದೆ’ ಎಂದು ಕೇಳುವವರು ನಮ್ಮ ನಡುವೆ ಇದ್ದಾರೆ. ದಯವಿಟ್ಟು ಕೇಳಬೇಡಿ. ಊಟಕ್ಕೆ ಕರೆಯಿರಿ, ‘ಗೆಲುವಾಗಿದ್ದೀಯೇನಪ್ಪಾ’ ಎಂದು ವಿಚಾರಿಸಿ. ಅವನಾಗಿಯೇ ಮಾತು ತೆಗೆದರೆ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.