ಪೊಯಾಯಿಸ್: ಕಾಗದದ ಮೇಲಷ್ಟೇ ಇದ್ದ ದೇಶ

ಇಲ್ಲದ ಸೈಟನ್ನು ಮಾರಿ ಟೋಪಿ ಹಾಕಿದವರ ಕಥೆ ನಮಗೇನೂ ಹೊಸದಲ್ಲ. ಆದರೆ ಇಡೀ ದೇಶವನ್ನೇ ಹುಟ್ಟುಹಾಕಿ ಮಾರಿದವನ ಬಗ್ಗೆ ಕೇಳಿದ್ದೀರಾ?

ಅವನ ಹೆಸರು ಗ್ರೆಗರ್ ಮೆಕ್‌ಗ್ರೆಗರ್. ಸ್ಕಾಟ್ಲೆಂಡಿನವನು. ಬೊಲಿವಾರ್‌ನ ಕಾಲದ ವೆನೆಜುವೆಲಾ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ ಜನರಲ್ ಆಗಿದ್ದವನು. 1820ರಲ್ಲಿ ಮಧ್ಯ ಅಮೆರಿಕದ ಮೊಸ್ಕಿಟೊ ಕರಾವಳಿಯ ರಾಜನಿಂದ ಸುಮಾರು 80 ಲಕ್ಷ ಎಕರೆ ಕಾಡು ಬರೆಸಿಕೊಂಡ. ಈ ಜಾಗ ಈಗಿನ ಹೊಂಡುರಾಸ್‌ನಲ್ಲಿದೆ. ಮರುವರ್ಷ ಲಂಡನ್ನಿಗೆ ಬಂದವನೇ "ನಾನು ಪೊಯಾಯಿಸ್ ದೇಶದ ಕಸೀಕ್" ಅಂದ. ಕಸೀಕ್ ಅಂದರೆ ಒಡೆಯ!

ಇನ್ನು ಆ 'ದೇಶ'ದ ವ್ಯವಸ್ಥೆ ನೋಡಿ. ಸರ್ಕಾರ: ಮೂರು ಸದನಗಳ ಸಂಸತ್ತು, ಸಂವಿಧಾನ, ಸೈನ್ಯ, ಲಂಡನ್ನಿನಲ್ಲಿ ಕಚೇರಿ. ಆರ್ಥಿಕತೆ: ಸ್ವಂತ ಬ್ಯಾಂಕು, ಅಚ್ಚುಕಟ್ಟಾಗಿ ಮುದ್ರಿಸಿದ ಡಾಲರ್ ನೋಟು, ವರ್ಷಕ್ಕೆ ಮೂರು ಬೆಳೆ ಕೊಡುವ ಭೂಮಿ, ಹೊಳೆಯಲ್ಲಿ ಚಿನ್ನ. ಸಮಾಜ: ಸೇಂಟ್ ಜೋಸೆಫ್ ಎಂಬ ರಾಜಧಾನಿ, ಬ್ರಿಟಿಷರೆಂದರೆ ಪ್ರೀತಿಸುವ ಸ್ಥಳೀಯರು. ಇದನ್ನೆಲ್ಲ ವರ್ಣಿಸುವ 350ಕ್ಕೂ ಹೆಚ್ಚು ಪುಟಗಳ ಪುಸ್ತಕವೂ 1822ರಲ್ಲಿ ಬಂತು. ಅಂಗೈಯಲ್ಲಿ ವೈಕುಂಠ ಅಂದರೆ ಇದೇ.

ಜನ ಯಾಕೆ ನಂಬಿದರು? ಅದಕ್ಕೆ ಕಾಲವೂ ಕಾರಣ. ಸ್ಪೇನಿನ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡ ಕೊಲಂಬಿಯಾ, ಚಿಲಿ, ಪೆರು ದೇಶಗಳು 1822ರಲ್ಲಿ ಲಂಡನ್ನಿನಲ್ಲಿ ಸಾಲ ಎತ್ತುತ್ತಿದ್ದವು. ಹೊಸ ಹೊಸ ದೇಶಗಳ ಹೆಸರು ಕೇಳಿಬರುತ್ತಿದ್ದಾಗ ಇನ್ನೊಂದು ಹೆಸರು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಶೇಕಡಾ 6ರ ಬಡ್ಡಿಗೆ ಪೊಯಾಯಿಸ್ ಕೂಡ 2 ಲಕ್ಷ ಪೌಂಡ್ ಸಾಲಪತ್ರ ಹೊರಡಿಸಿತು. ದೂರದ ದೇಶಕ್ಕೆ ಹೋಗಿ ನೋಡಿ ಬಂದು ಹಣ ಹಾಕುವವರು ಯಾರು ಹೇಳಿ?

ಹಣ ಹಾಕಿದವರಿಗೆ ಹೋದದ್ದು ಹಣ ಮಾತ್ರ. ನಂಬಿ ಹಡಗು ಹತ್ತಿದವರ ಪಾಡೇ ಬೇರೆ. 1822ರ ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ಸುಮಾರು 70 ಮಂದಿ, 1823ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಲೀತ್‌ನಿಂದ ಸುಮಾರು 200 ಮಂದಿ ಹೊರಟರು. ಕೈಯಲ್ಲಿದ್ದ ಪೌಂಡುಗಳನ್ನು ಕೊಟ್ಟು ಪೊಯಾಯಿಸ್ ಡಾಲರ್ ಪಡೆದವರೂ ಅವರಲ್ಲಿದ್ದರು. ರಾಜಕುಮಾರಿಗೆ ಪಾದರಕ್ಷೆ ಹೊಲಿಯುವ ಕೆಲಸ ಸಿಗುತ್ತದೆಂದು ನಂಬಿ ಬಂದ ಚಮ್ಮಾರನೊಬ್ಬನೂ ಇದ್ದ.

ಇಳಿದು ನೋಡಿದರೆ ಬರೀ ಕಾಡು. ಬ್ಯಾಂಕಿಲ್ಲ, ಬಂದರಿಲ್ಲ, ಬೀದಿಯಿಲ್ಲ. ಮಳೆ ಹಿಡಿಯಿತು, ಜ್ವರ ಬಂತು. ಆ ಚಮ್ಮಾರ ಪ್ರಾಣ ಕಳೆದುಕೊಂಡ. ಬೆಲೀಜಿನ ಕಡೆಯ ಹಡಗೊಂದು ಕಂಡು ಉಳಿದವರನ್ನು ಕರೆದೊಯ್ದರೂ ಸಾವು ನಿಲ್ಲಲಿಲ್ಲ. ಒಟ್ಟು ಸತ್ತವರು ಸುಮಾರು 180. ಬ್ರಿಟನ್ನಿಗೆ ಮರಳಿದವರು ಐವತ್ತಕ್ಕೂ ಕಡಿಮೆ.

ಸೋಜಿಗದ ಸಂಗತಿ ಇನ್ನೂ ಇದೆ. ಮರಳಿದವರಲ್ಲಿ ಕೆಲವರು, ತಪ್ಪು ಜೊತೆಗಿದ್ದ ಅಧಿಕಾರಿಗಳದು, ಮೆಕ್‌ಗ್ರೆಗರನದಲ್ಲ ಎಂದು ಹೇಳಿಕೆಗೆ ಸಹಿ ಹಾಕಿದರು! ಅವನು ಫ್ರಾನ್ಸಿಗೆ ಹೋಗಿ ಅಲ್ಲೂ ಅದೇ ವ್ಯಾಪಾರ ಶುರು ಮಾಡಿದ. ವಿಚಾರಣೆ ನಡೆದು 1826ರಲ್ಲಿ ಖುಲಾಸೆಯಾದ. ಕೊನೆಗೆ ವೆನೆಜುವೆಲಾದಲ್ಲಿ ಪಿಂಚಣಿ ಪಡೆದು, 1845ರಲ್ಲಿ ಕರಾಕಾಸ್‌ನಲ್ಲಿ ಗೌರವದಿಂದಲೇ ತೀರಿಕೊಂಡ.

ಸಂವಿಧಾನ, ನೋಟು, ಸಾಲಪತ್ರ, ಲಾಂಛನ... ನಿಜವಾದ ದೇಶಕ್ಕೆ ಇರುವ ಕಾಗದಗಳೆಲ್ಲ ಪೊಯಾಯಿಸ್‌ಗೂ ಇದ್ದವು. ಇಲ್ಲದ್ದು ಆ ಕಾಗದಕ್ಕೆ ಜವಾಬ್ದಾರರಾಗಿ ನಿಲ್ಲುವ ಜನ. ಹಾಗಾಗಿಯೇ ಬರೆದವನು ಬದುಕಿಕೊಂಡ, ಓದಿ ನಂಬಿದವರು ಸತ್ತರು. ನೀವೇನಂತೀರಿ?